ಸೆಟ್ಟಿಂಗ್ ಫೈಲಿನಲ್ಲಿರಲಿ: ಡೇಟಾದಿಂದ ಪುಟ ಕಟ್ಟುವವರಿಗೆ 14 ಸೂತ್ರಗಳು

ಬೆಂಗಳೂರಿನ ಶಿವಾಜಿನಗರದ ಫ್ಯಾನ್ಸಿ ಸ್ಟೋರಿನ ದರಪಟ್ಟಿ, ಹಲಸೂರಿನ ಶಾಲೆಯ ರ‍್ಯಾಂಕ್ ಪಟ್ಟಿ, ಇಂದಿರಾನಗರದ ಡಿಸೈನ್ ಸ್ಟುಡಿಯೊ ಮಾಡಿಕೊಡುವ ಪೀಠೋಪಕರಣಗಳ ಕೆಟಲಾಗು, ಕೆ.ಆರ್. ಪುರದ ವರ್ಕ್‌ಶಾಪಿನ ಬಿಡಿಭಾಗಗಳ ಪುಸ್ತಕ. ನೋಡಲು ಬೇರೆ ಬೇರೆ, ಹುಟ್ಟುವುದು ಮಾತ್ರ ಒಂದೇ ಬಗೆಯಲ್ಲಿ. ಒಂದು ಕಡೆ ಎಕ್ಸೆಲ್ ಹಾಳೆ ಅಥವಾ ಡೇಟಾಬೇಸ್, ಇನ್ನೊಂದು ಕಡೆ ಪುಟದ ವಿನ್ಯಾಸ, ನಡುವೆ ಇವೆರಡನ್ನೂ ಕೂಡಿಸುವ ಸಾಫ್ಟ್‌ವೇರ್. ಈ ಸಾಫ್ಟ್‌ವೇರಿಗೆ ಕೈಕಾಲಾಗಿ ಕೆಲಸ ಮಾಡುವವು ಪ್ಲಗಿನ್‌ಗಳು. ಒಂದು ಹಳೆಯ ‘ನುಡಿ’ ಫಾಂಟಿನ ಅಕ್ಷರವನ್ನು ಯೂನಿಕೋಡ್‌ಗೆ ತಿರುಗಿಸುತ್ತದೆ, ಇನ್ನೊಂದು ಅಕಾರಾದಿಯಾಗಿ ಜೋಡಿಸುತ್ತದೆ, ಮತ್ತೊಂದು ಬೆಲೆಗೆ ರೂಪಾಯಿ ಚಿಹ್ನೆ ಹಚ್ಚುತ್ತದೆ, ಮಗದೊಂದು ಬಾರ್‌ಕೋಡ್ ಬಿಡಿಸುತ್ತದೆ.

ಈ ಪ್ಲಗಿನ್‌ಗಳ ಸೆಟ್ಟಿಂಗ್ ಎಲ್ಲಿರಬೇಕು ಎಂಬುದೇ ಇಲ್ಲಿನ ಪ್ರಶ್ನೆ. ಸಣ್ಣ ಡಿಟಿಪಿ ಸೆಂಟರಿನಲ್ಲಿ ಅದು ಒಬ್ಬ ಆಪರೇಟರಿನ ನೆನಪಿನಲ್ಲಿರುತ್ತದೆ. ಯಾವ ಮೆನು ತೆರೆಯಬೇಕು, ಎಲ್ಲಿ ಟಿಕ್ ಹಾಕಬೇಕು, ಯಾವುದನ್ನು ಮುಟ್ಟಬಾರದು ಎಂದು ಅವರೊಬ್ಬರಿಗೇ ಗೊತ್ತು. ಅವರು ಹಬ್ಬಕ್ಕೆ ಊರಿಗೆ ಹೋದ ವಾರವೇ ಗಿರಾಕಿ ಬೆಲೆ ಬದಲಿಸಿಕೊಂಡು ಬಂದರೆ ಕೆಲಸ ನಿಂತುಹೋಗುತ್ತದೆ. ಕನ್ನಡದ ಕೆಲಸಕ್ಕೆ ಇದರ ಪೆಟ್ಟು ಇನ್ನೂ ಹೆಚ್ಚು. ಇಂಗ್ಲಿಷಿಗೆ ಸಾಫ್ಟ್‌ವೇರ್ ತಾನಾಗಿಯೇ ಒಪ್ಪಿಕೊಳ್ಳುವ ಎಷ್ಟೋ ಸಂಗತಿಗಳನ್ನು ಕನ್ನಡಕ್ಕೆ ನಾವೇ ಹೇಳಿಕೊಡಬೇಕು, ಪ್ರತಿ ಸಲವೂ ಹೇಳಬೇಕು. ಹೇಳಿದ್ದನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ ಆ ಶ್ರಮ ಒಮ್ಮೆಗೆ ಮುಗಿಯುತ್ತದೆ. ಹೀಗೆ ಸೆಟ್ಟಿಂಗ್ ಬರೆದಿಟ್ಟ ಫೈಲೇ ಕಾನ್ಫಿಗ್ ಫೈಲ್. ಹೇಗೆ ಬರೆಯುವುದು, ಏನನ್ನು ಬರೆಯುವುದು ಎನ್ನುವುದಕ್ಕೆ ಈ ಸೂತ್ರಗಳು.

1. ಕ್ಲಿಕ್ ಮಾಡಿದ್ದನ್ನೆಲ್ಲ ಬರಹಕ್ಕೆ ಇಳಿಸಿ

ಮೊದಲ ದಿನದ ಕೆಲಸ ಇಷ್ಟೇ. ಈಗ ನಡೆಯುತ್ತಿರುವ ಒಂದು ಕೆಟಲಾಗನ್ನು ಎದುರಿಗಿಟ್ಟುಕೊಳ್ಳಿ. ಡೇಟಾ ಫೈಲ್ ಎಲ್ಲಿದೆ, ಯಾವ ಕಾಲಂ ಯಾವ ಚೌಕಕ್ಕೆ ಹೋಗುತ್ತದೆ, ಫಾಂಟ್ ಯಾವುದು, ಚಿತ್ರಗಳ ಫೋಲ್ಡರ್ ಯಾವುದು, ಯಾವ ಪ್ಲಗಿನ್ ಯಾವುದರ ನಂತರ ಓಡಬೇಕು ಎಂಬುದನ್ನು ಸಾಲುಸಾಲಾಗಿ ಬರೆಯಿರಿ. ಹೆಸರು, ಸಮ ಚಿಹ್ನೆ, ಮೌಲ್ಯ: ಸಾಲಿಗೆ ಒಂದೇ ಸಂಗತಿ. ನೀವು ಬಳಸುವ ಸಾಫ್ಟ್‌ವೇರ್ ಕಾನ್ಫಿಗ್ ಫೈಲನ್ನು ನೇರವಾಗಿ ಓದುವುದಾದರೆ ಅದರ ರೂಪದಲ್ಲೇ ಬರೆಯಿರಿ. ಇನ್‌ಡಿಸೈನ್‌ನ ಡೇಟಾ ಮರ್ಜ್‌ಗೆ ಅಂಥ ಫೈಲ್ ಇಲ್ಲವಾದರೂ ಇನ್‌ಡಿಸೈನ್ ಓಡಿಸುವ ಸ್ಕ್ರಿಪ್ಟ್ ತನ್ನ ಪಕ್ಕದಲ್ಲಿರುವ ಪಠ್ಯ ಫೈಲನ್ನು ಓದಬಲ್ಲದು. ಆ ಸ್ಕ್ರಿಪ್ಟನ್ನು ಒಮ್ಮೆ ಬರೆಸಿಕೊಳ್ಳುವ ಖರ್ಚು ನಿಜವಾಗಿಯೂ ಸಾರ್ಥಕ.

2. ಫೈಲ್ ಕೆಲಸದ ಫೋಲ್ಡರಿನಲ್ಲೇ ಇರಲಿ

ಸೆಟ್ಟಿಂಗ್ ಕಂಪ್ಯೂಟರಿಗೆ ಅಂಟಿಕೊಂಡಿದ್ದರೆ ಕಂಪ್ಯೂಟರ್ ಬದಲಾದ ದಿನ ಅದೂ ಹೋಯಿತು. ಜರ್ಮನಿಯ ಸ್ಪೀಡೇಟಾ ಪಬ್ಲಿಷರ್ ಎಂಬ ಡೇಟಾಬೇಸ್ ಪಬ್ಲಿಷಿಂಗ್ ಸಾಫ್ಟ್‌ವೇರ್ ಇದನ್ನು ಚೆನ್ನಾಗಿ ಬಿಡಿಸಿದೆ. ಅದರ ಕಾನ್ಫಿಗ್ ಫೈಲ್ ಮೂರು ಕಡೆ ಇರಬಹುದು: ಇಡೀ ಯಂತ್ರಕ್ಕೆ ಒಂದು, ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಒಂದು, ಕೆಲಸದ ಫೋಲ್ಡರಿನಲ್ಲಿ ಒಂದು. ಹತ್ತಿರದ್ದು ಹೇಳಿದ ಮಾತು ದೂರದ್ದನ್ನು ಮೀರುತ್ತದೆ. ಆಜ್ಞೆ ಕೊಡುವಾಗ ನೇರವಾಗಿ ಟೈಪ್ ಮಾಡಿದ್ದು ಎಲ್ಲಕ್ಕಿಂತ ಮೇಲು.

ಯಾವ ಸಾಫ್ಟ್‌ವೇರ್ ಬಳಸಿದರೂ ಇದೇ ಹಂಚಿಕೆ ಪಾಲಿಸಿ. ಆಫೀಸಿಗೆಲ್ಲ ಅನ್ವಯಿಸುವ ಫಾಂಟ್ ಫೋಲ್ಡರ್, ಪ್ರಿಂಟರ್ ಮೊದಲಾದವು ಮೇಲಿನ ಫೈಲಿನಲ್ಲಿರಲಿ. ಒಬ್ಬ ಗಿರಾಕಿಗೆ ಮಾತ್ರ ಸೇರಿದ ಬಣ್ಣ, ಭಾಷೆ, ದರದ ರೂಪ ಅವರ ಫೋಲ್ಡರಿನಲ್ಲಿರಲಿ. ಅದೇ ಸಾಫ್ಟ್‌ವೇರಿನಲ್ಲಿ ಪುಟ ಕಟ್ಟುವ ಮೊದಲು ಓಡುವ ಲುವಾ ಸ್ಕ್ರಿಪ್ಟ್ ಯಾವುದೆಂದು ಹೇಳುವುದಕ್ಕೂ ಕಾನ್ಫಿಗ್‌ನಲ್ಲಿ ಒಂದು ಸಾಲಿದೆ. ಎಕ್ಸೆಲ್ ಓದುವುದು, ಕಸ ತೆಗೆಯುವುದು, ಕಾಲಂ ಕೂಡಿಸುವುದು ಎಲ್ಲವನ್ನೂ ಅಲ್ಲಿ ಮಾಡಿಸಬಹುದು.

3. ‘ಅಲರ್’ ನಡೆಯುವ ಬಗೆಯನ್ನು ಓದಿ ನೋಡಿ

ಕನ್ನಡದಲ್ಲಿ ಡೇಟಾಬೇಸ್ ಪ್ರಕಟಣೆಗೆ ಒಳ್ಳೆಯ ಮಾದರಿ ನಮ್ಮ ಊರಿನಲ್ಲೇ ಇದೆ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. 1,50,000ಕ್ಕೂ ಹೆಚ್ಚು ನಮೂದುಗಳು, 2,40,000ದಷ್ಟು ಅರ್ಥವಿವರಣೆಗಳು. ಇದನ್ನು ಓದುಗರ ಮುಂದಿಡುವ ಡಿಕ್ಟ್‌ಪ್ರೆಸ್ ಎಂಬ ಮುಕ್ತ ತಂತ್ರಾಂಶವನ್ನು ಬರೆದವರು ಬೆಂಗಳೂರಿನ ಜೆರೋಧಾ ಕಂಪನಿಯ ಕೈಲಾಶ್ ನಾಧ್. ಮಲಯಾಳಂನ ‘ಓಳಂ’ ನಿಘಂಟು ನಡೆಯುವುದೂ ಇದರಲ್ಲೇ. ಪದಗಳೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ, ನಡತೆಯೆಲ್ಲ ಒಂದು ಕಾನ್ಫಿಗ್ ಫೈಲಿನಲ್ಲಿ.

ಆ ಫೈಲಿನಲ್ಲಿ ಪ್ರತಿ ಭಾಷೆಗೂ ಒಂದೊಂದು ಖಾನೆ. ಭಾಷೆಯ ಹೆಸರು, ಪದಗಳ ವರ್ಗಪಟ್ಟಿ, ಹುಡುಕಾಟಕ್ಕೆ ಪದವನ್ನು ಒಡೆಯುವ ಟೋಕನೈಜರ್ ಯಾವುದು ಎಂಬ ಸೂಚನೆ. ಯಾವ ಭಾಷೆಯಿಂದ ಯಾವ ಭಾಷೆಗೆ ನಿಘಂಟು ಎನ್ನುವ ಜೋಡಿಗಳು ಬೇರೆ ಸಾಲಿನಲ್ಲಿ. ವರ್ಗಪಟ್ಟಿಯ ಉಪಾಯ ಬಲು ಸೊಗಸು. ಡೇಟಾದಲ್ಲಿ ಚಿಕ್ಕ ಗುರುತು ಮಾತ್ರ ಇರುತ್ತದೆ, ಓದುಗರಿಗೆ ಕಾಣುವ ‘ನಾಮಪದ’, ‘ಕ್ರಿಯಾಪದ’ ಎಂಬ ಪೂರ್ತಿ ಹೆಸರು ಕಾನ್ಫಿಗ್‌ನಿಂದ ಬರುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಮೊದಲ ಪುಟಗಳಲ್ಲಿ ಸಂಕ್ಷೇಪಗಳ ಪಟ್ಟಿ ಇದೆಯಲ್ಲ, ಕಾನ್ಫಿಗ್ ಫೈಲ್ ಮಾಡುವುದು ಅದೇ ಕೆಲಸ.

ನಿಮ್ಮ ದರಪಟ್ಟಿಗೂ ಇದು ಹೊಂದುತ್ತದೆ. ಹಾಳೆಯ ಪ್ರತಿ ಸಾಲಿನಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಮತ್ತೆ ಮತ್ತೆ ಟೈಪ್ ಮಾಡಿಸಬೇಡಿ. ‘ಎಸ್‌ಎಸ್’ ಎಂದಿರಲಿ. ಅದು ಕನ್ನಡ ಪುಟದಲ್ಲಿ ಹೇಗೆ ಬರಬೇಕು, ಉರ್ದು ಪುಟದಲ್ಲಿ ಹೇಗೆ, ಇಂಗ್ಲಿಷಿನಲ್ಲಿ ಹೇಗೆ ಎಂಬುದನ್ನು ಕಾನ್ಫಿಗ್ ಹೇಳಲಿ. ಕಾಗುಣಿತ ತಿದ್ದಬೇಕಾದರೆ ಒಂದೇ ಜಾಗದಲ್ಲಿ ತಿದ್ದಿದರಾಯಿತು. ಗುರುತುಗಳು ಎರಡೂ ಕಡೆ ಅಕ್ಷರಶಃ ಒಂದೇ ಇರಬೇಕು. ಕೊನೆಯಲ್ಲೊಂದು ಕಾಣದ ಸ್ಪೇಸ್ ಬಿದ್ದರೂ ಹೊಂದಿಕೆ ತಪ್ಪುತ್ತದೆ.

4. ಕನ್ನಡದ ಕೋಡ್ ‘ಕೆಎನ್’, ‘ಕೆಎ’ ಅಲ್ಲ

ಗಾಡಿಗಳ ನಂಬರ್ ಪ್ಲೇಟಿನಲ್ಲಿ ದಿನವೂ ಕೆಎ ನೋಡುವ ನಮಗೆ ಬೆರಳು ತಾನಾಗಿ ಅತ್ತ ಹೋಗುತ್ತದೆ. ಆದರೆ ಅಂತರರಾಷ್ಟ್ರೀಯ ಭಾಷಾ ಕೋಡ್‌ಗಳಲ್ಲಿ ಕೆಎ ಎಂದರೆ ಜಾರ್ಜಿಯನ್ ಭಾಷೆ. ಅದೂ ಸರಿಯಾದ ಕೋಡೇ ಆದ್ದರಿಂದ ಸಾಫ್ಟ್‌ವೇರ್ ತಪ್ಪು ಎಂದು ಕೂಗುವುದಿಲ್ಲ, ಸುಮ್ಮನೆ ಜಾರ್ಜಿಯನ್ ನಿಯಮಗಳನ್ನು ತಂದುಕೊಳ್ಳುತ್ತದೆ. ಸಾಲಿನ ಕೊನೆಯಲ್ಲಿ ಪದ ಒಡೆಯುವ ಮಾದರಿಗಳು ಕನ್ನಡಕ್ಕೂ ಇವೆ, ಜಾರ್ಜಿಯನ್‌ಗೂ ಇವೆ. ತಪ್ಪು ಕೋಡ್ ಕೊಟ್ಟರೆ ಕನ್ನಡದ ಉದ್ದ ಪದಗಳು ಎಲ್ಲಿಯೂ ಒಡೆಯದೆ ಕಾಲಮ್ಮಿನ ಆಚೆ ಚಾಚುತ್ತವೆ. ಆಪರೇಟರ್ ಫಾಂಟ್ ಸರಿಯಿಲ್ಲ ಎಂದುಕೊಂಡು ಗಂಟೆಗಟ್ಟಲೆ ಅಲ್ಲಿ ಹುಡುಕುತ್ತಾರೆ. ತಮಿಳಿಗೆ ಟಿಎ, ತೆಲುಗಿಗೆ ಟಿಇ, ಉರ್ದುವಿಗೆ ಯುಆರ್. ಕಾನ್ಫಿಗ್‌ನ ತಲೆಯಲ್ಲೇ ಇವನ್ನು ಬರೆದುಕೊಳ್ಳಿ.

5. ಹುಡುಕಾಟದ ಪ್ಲಗಿನ್ ಬದಲಿಸಿದರೆ ಡೇಟಾವನ್ನು ಮತ್ತೆ ತುಂಬಿ

ಪೋಸ್ಟ್‌ಗ್ರೆಸ್‌ನಲ್ಲಿ ತಮಿಳು, ನೇಪಾಳಿ ಪದಗಳನ್ನು ಹುಡುಕಾಟಕ್ಕೆ ಒಡೆಯುವ ವ್ಯವಸ್ಥೆ ಒಳಗೇ ಇದೆ, ಕನ್ನಡಕ್ಕೆ ಇಲ್ಲ. ಆದ್ದರಿಂದ ಕನ್ನಡಕ್ಕೆ ಹೊರಗಿನಿಂದ ಜೋಡಿಸಬೇಕು. ಇದಕ್ಕೆಂದೇ ಕೈಲಾಶ್ ನಾಧ್ ಬರೆದಿರುವ ಕೆಎನ್‌ಫೋನ್ ಎಂಬ ವಿಧಾನವಿದೆ. ಒಂದು ಕನ್ನಡ ಪದ ಕೊಟ್ಟರೆ ಅದರ ಉಚ್ಚಾರವನ್ನು ಹಿಡಿದು ಬೇರೆ ಬೇರೆ ಬಿಗಿಯ ಮೂರು ಕೀಲಿಗಳನ್ನು ಕೊಡುತ್ತದೆ. ಓದುಗರು ಒಂದಕ್ಷರ ಆಚೀಚೆ ಟೈಪ್ ಮಾಡಿದರೂ ಹತ್ತಿರದ ಉಚ್ಚಾರದ ಪದ ಸಿಗುವಂತೆ ಮಾಡುವುದು ಈ ಕೀಲಿಗಳೇ.

ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಈ ಕೀಲಿಗಳು ತಯಾರಾಗುವುದು ಪದ ಡೇಟಾಬೇಸಿಗೆ ಸೇರುವಾಗ. ನೀವು ಇವತ್ತು ಕಾನ್ಫಿಗ್‌ನಲ್ಲಿ ಟೋಕನೈಜರ್ ಬದಲಿಸಿದರೆ ಹೊಸ ಪದಗಳಿಗೆ ಹೊಸ ಕೀಲಿ, ಹಳೆಯ ಪದಗಳಿಗೆ ಹಳೆಯ ಕೀಲಿ. ಅರ್ಧ ನಿಘಂಟು ಹುಡುಕಿದರೆ ಸಿಗುತ್ತದೆ, ಇನ್ನರ್ಧ ಇದ್ದೂ ಇಲ್ಲದಂತೆ. ಆದ್ದರಿಂದ ಆ ಸಾಲಿನ ಮೇಲೆ ಒಂದು ಟಿಪ್ಪಣಿ ಬರೆಯಿರಿ: ಇದನ್ನು ಬದಲಿಸಿದರೆ ಇಡೀ ಡೇಟಾ ಮತ್ತೆ ಇಂಪೋರ್ಟ್ ಮಾಡಬೇಕು.

6. ಅಕಾರಾದಿಯನ್ನು ಸಾಫ್ಟ್‌ವೇರಿನ ಮರ್ಜಿಗೆ ಬಿಡಬೇಡಿ

ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಅದು ಲ ಪಕ್ಕದಲ್ಲೇ, ವ ಗಿಂತ ಮೊದಲೇ ಕೂತಿದೆ. ಬರೀ ಕೋಡಿನ ಕ್ರಮದಲ್ಲಿ ಜೋಡಿಸುವ ಪ್ಲಗಿನ್‌ಗೆ ಫ್ಯಾನ್ಸಿ ಸ್ಟೋರಿನ ಪಟ್ಟಿ ಕೊಟ್ಟು ನೋಡಿ: ಬಲೂನು, ಬಳೆ, ಬಸ್ಸು ಎಂದು ಬರುತ್ತದೆ. ಕನ್ನಡ ಶಾಲೆಯಲ್ಲಿ ಓದಿದವರು ಹುಡುಕುವುದು ಬಲೂನು, ಬಸ್ಸು, ಬಳೆ ಎಂಬ ಕ್ರಮದಲ್ಲಿ. ಮೂರು ಸಾಲಿನಲ್ಲಿ ಇದು ಸಣ್ಣ ವಿಷಯ. ಸಾವಿರ ನಮೂದುಗಳ ಸೂಚಿಯಲ್ಲಿ ಓದುಗರು ಬಳೆ ಇಲ್ಲವೆಂದೇ ತಿಳಿದು ಪುಸ್ತಕ ಮುಚ್ಚುತ್ತಾರೆ.

ಕಾನ್ಫಿಗ್‌ನಲ್ಲಿ ಜೋಡಣೆಯ ನಿಯಮ ಯಾವುದೆಂದು ಸ್ಪಷ್ಟವಾಗಿ ಬರೆಯಿರಿ. ಪೋಸ್ಟ್‌ಗ್ರೆಸ್ 10ನೇ ಆವೃತ್ತಿಯಿಂದ ಐಸಿಯು ಎಂಬ ಗ್ರಂಥಾಲಯದ ಭಾಷಾವಾರು ಜೋಡಣೆಯನ್ನು ಬಳಸಲು ಬಿಡುತ್ತದೆ, ಅದರಲ್ಲಿ ಕನ್ನಡವೂ ಇದೆ. ಯಾವುದನ್ನು ಬಳಸಿದರೂ ಮೇಲಿನ ಮೂರು ಪದಗಳನ್ನು ಕೊಟ್ಟು ಪರೀಕ್ಷಿಸಿಯೇ ಮುಂದೆ ಹೋಗಿ. ಅನುಸ್ವಾರದ ಪದಗಳು ಎಲ್ಲಿ ಬರಬೇಕು ಎಂಬುದೂ ನೀವೇ ತೀರ್ಮಾನಿಸಬೇಕಾದ ವಿಷಯ. ಗಿರಾಕಿಯನ್ನು ಕೇಳಿ, ಒಪ್ಪಿಸಿ, ಆ ತೀರ್ಮಾನವನ್ನೂ ಫೈಲಿನಲ್ಲೇ ದಾಖಲಿಸಿ. ಮುಂದಿನ ವರ್ಷದ ಆವೃತ್ತಿ ಅದೇ ಕ್ರಮದಲ್ಲಿ ಬರಬೇಕಲ್ಲ.

7. ಕಾಣದ ಅಕ್ಷರಗಳನ್ನು ಕಸವೆಂದು ಗುಡಿಸಬೇಡಿ

ಡೇಟಾ ಶುಚಿ ಮಾಡುವ ಪ್ಲಗಿನ್‌ಗಳಲ್ಲಿ ‘ಶೂನ್ಯ ಅಗಲದ ಅಕ್ಷರಗಳನ್ನು ತೆಗೆ’ ಎಂಬ ಆಯ್ಕೆ ಇರುವುದುಂಟು. ಇಂಗ್ಲಿಷಿಗೆ ಅವು ಬೇಡವಾಗಿರಬಹುದು, ಕನ್ನಡಕ್ಕೆ ಬೇಕೇ ಬೇಕು. ರ‍್ಯಾಂಕ್ ಎಂದು ಬರೆಯುವಾಗ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತದೆ. ಅದನ್ನು ತೆಗೆದ ಕ್ಷಣವೇ ಪದ ರ್ಯಾಂಕ್ ಎಂದು ಅರ್ಕಾವತ್ತಿನೊಡನೆ ಅಚ್ಚಾಗುತ್ತದೆ. ‘ಸಾಫ್ಟ್‌ವೇರ್’ ಪದದಲ್ಲಿ ಟ್ ಮತ್ತು ವೇ ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವುದೂ ಅಂಥದೇ ಇನ್ನೊಂದು ಅಕ್ಷರ. ಶಾಲೆಯೊಂದರ ವಾರ್ಷಿಕೋತ್ಸವದ ಪುಸ್ತಿಕೆಯಲ್ಲಿ ಮಕ್ಕಳ ರ‍್ಯಾಂಕ್ ಪಟ್ಟಿ ತಪ್ಪಾಗಿ ಅಚ್ಚಾದರೆ ಅದು ಸಣ್ಣ ನೋವಲ್ಲ. ಆ ಪುಟವನ್ನು ಮನೆಯವರು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ.

ಹಾಗಾಗಿ ಆ ಆಯ್ಕೆಯನ್ನು ಕನ್ನಡದ ಕಾಲಮ್ಮುಗಳಿಗೆ ಆಫ್ ಮಾಡಿ, ಇಂಗ್ಲಿಷ್ ಕಾಲಮ್ಮುಗಳಿಗೆ ಮಾತ್ರ ಆನ್ ಇರಲಿ. ಇದರ ಜೊತೆಗೆ ಇನ್ನೊಂದು ಆಯ್ಕೆ, ಯೂನಿಕೋಡ್ ನಾರ್ಮಲೈಸೇಷನ್, ಕನ್ನಡಕ್ಕೆ ಆನ್ ಇರಬೇಕು. ಕೊ, ಕೋ, ಕೀ ಮುಂತಾದವನ್ನು ಒಂದೇ ಗುಣಿತದ ಚಿಹ್ನೆಯಿಂದಲೂ ಬರೆಯಬಹುದು, ಎರಡು ಮೂರು ತುಂಡು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ನಾರ್ಮಲೈಸ್ ಮಾಡದಿದ್ದರೆ ‘ಕೋಲಾರ’ ಎರಡು ಸಲ ಎರಡು ಊರಾಗಿ ಸೂಚಿಯಲ್ಲಿ ಬರಬಹುದು.

8. ನುಡಿಯಿಂದ ಯೂನಿಕೋಡ್‌ಗೆ: ಕಾಲಂ ಹೆಸರು ಹಿಡಿದು ಹೇಳಿ

ಹಳೆಯ ಗಿರಾಕಿಗಳ ಡೇಟಾ ಇನ್ನೂ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಇರುತ್ತದೆ. ಅಲ್ಲಿ ಕನ್ನಡದಂತೆ ಕಾಣುವುದು ಒಳಗೆ ಇಂಗ್ಲಿಷ್ ಅಕ್ಷರಗಳ ಕೋಡು. ಪರಿವರ್ತಕ ಪ್ಲಗಿನ್‌ಗೆ ಇಡೀ ಹಾಳೆ ಕೊಟ್ಟರೆ ನಿಜವಾದ ಇಂಗ್ಲಿಷ್ ಪಾರ್ಟ್ ನಂಬರುಗಳನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಯಾವ ಕಾಲಂ ಪರಿವರ್ತಿಸಬೇಕು, ಯಾವುದನ್ನು ಮುಟ್ಟಬಾರದು ಎಂಬ ಎರಡು ಪಟ್ಟಿ ಕಾನ್ಫಿಗ್‌ನಲ್ಲಿರಲಿ. ಪರಿವರ್ತನೆ ಒಂದೇ ಸಲ ನಡೆಯಬೇಕು. ಯೂನಿಕೋಡ್ ಆದದ್ದನ್ನು ಬೇರೆ ಫೈಲಾಗಿ ಉಳಿಸಿ, ಮುಂದೆಲ್ಲ ಅದನ್ನೇ ಬಳಸಿ.

9. ಬೆಲೆ, ಫೋನ್

ಫೋನ್ ನಂಬರನ್ನು ಸಂಖ್ಯೆಯೆಂದು ಓದಿದರೆ 080ರ ಮೊದಲ ಸೊನ್ನೆ ಹಾರಿಹೋಗುತ್ತದೆ. ಆ ಕಾಲಂ ‘ಪಠ್ಯ’ ಎಂದು ಘೋಷಿಸಿ. ಬೆಲೆಗೆ ನಮ್ಮ ಲೆಕ್ಕದ ಅಲ್ಪವಿರಾಮ ಬೇಕು, 1,00,000 ಎಂದು ಬರಬೇಕು, 100,000 ಎಂದಲ್ಲ. ರೂಪಾಯಿ ಚಿಹ್ನೆಯನ್ನು ಭಾರತ ಸರ್ಕಾರ ಒಪ್ಪಿಕೊಂಡದ್ದು 2010ರಲ್ಲಿ, ಅದಕ್ಕೂ ಹಿಂದಿನ ಫಾಂಟುಗಳಲ್ಲಿ ಅದರ ಜಾಗದಲ್ಲಿ ಖಾಲಿ ಚೌಕ ಬರುತ್ತದೆ. ಚಿಹ್ನೆಗೆ ಬದಲಿ ಫಾಂಟ್ ಯಾವುದೆಂದು ಒಂದು ಸಾಲು ಸೇರಿಸಿ. ಕನ್ನಡ ಅಂಕಿಯೋ ಸಾಮಾನ್ಯ ಅಂಕಿಯೋ ಎಂಬುದೂ ಒಂದು ಸ್ವಿಚ್ ಆಗಿರಲಿ.

10. ಒಂದೇ ಪುಟದಲ್ಲಿ ನಾಲ್ಕು ಲಿಪಿ ಬಂದಾಗ

ಶಿವಾಜಿನಗರದಂಥ ದಂಡು (ಕಂಟೋನ್ಮೆಂಟ್) ಪ್ರದೇಶದ ಗಿರಾಕಿಗಳು ಕನ್ನಡ, ಉರ್ದು, ತಮಿಳು, ಇಂಗ್ಲಿಷ್ ನಾಲ್ಕರಲ್ಲೂ ಓದುತ್ತಾರೆ. ಒಂದೇ ಕರಪತ್ರದಲ್ಲಿ ನಾಲ್ಕೂ ಕೇಳುವ ಅಂಗಡಿಯವರಿದ್ದಾರೆ. ಇದು ಈ ಭಾಗದ ಅಚ್ಚುಕೆಲಸದ ಹೆಮ್ಮೆ, ಜೊತೆಗೆ ಅತಿ ಕಷ್ಟದ ಭಾಗ. ಇಲ್ಲಿ ಮನಸ್ಸಿಟ್ಟು ಕಾನ್ಫಿಗ್ ಬರೆದವರಿಗೆ ಬೇರೆ ಕೆಲಸವೆಲ್ಲ ಸಲೀಸು.

ಪ್ರತಿ ಭಾಷೆಗೂ ಬೇರೆ ಖಾನೆ ಮಾಡಿ, ಒಳಗೆ ಫಾಂಟ್, ಅಕ್ಷರದ ಗಾತ್ರ, ಸಾಲಂತರ, ಬರವಣಿಗೆಯ ದಿಕ್ಕು ಈ ನಾಲ್ಕನ್ನು ಬರೆಯಿರಿ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ. ನಸ್ತಾಲಿಖ್ ಶೈಲಿಯಲ್ಲಿ ಪದ ಓರೆಯಾಗಿ ಮೇಲಿನಿಂದ ಕೆಳಗಿಳಿಯುವುದರಿಂದ ಸಾಲಂತರ ಎಲ್ಲರಿಗಿಂತ ಹೆಚ್ಚು ಬೇಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಇಂಗ್ಲಿಷಿನ ಸಾಲಂತರವನ್ನೇ ಕೊಟ್ಟರೆ ‘ಸ್ತ್ರೀ’ಯ ಒತ್ತು ಕೆಳಗಿನ ಸಾಲಿನ ಅಕ್ಷರಕ್ಕೆ ತಾಗುತ್ತದೆ. ತಮಿಳಿನಲ್ಲಿ ಒತ್ತುಗಳ ಕಾಟ ಬಹಳ ಕಡಿಮೆ, ಅದಕ್ಕೆ ಬಿಗಿಯಾದ ಅಂತರ ಸಾಕು. ನಾಲ್ಕಕ್ಕೂ ಒಂದೇ ಅಂಕಿ ಕೊಟ್ಟು ‘ಸಮ’ ಮಾಡಲು ಹೋಗುವುದು ಸಮಾನತೆಯಲ್ಲ, ಪ್ರತಿ ಲಿಪಿಗೂ ಅದರ ಮೈಗೆ ಬೇಕಾದಷ್ಟು ಜಾಗ ಕೊಡಬೇಕು.

ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಶೈಲಿಯಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿರಬೇಕು. ಭಾರತೀಯ ಭಾಷೆಗಳಿಗೆ ಈ ಬೆಂಬಲ 2012ರ ಸಿಎಸ್6ರಿಂದ ಇದೆ. ಅದಿಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ, ಎಷ್ಟು ಒಳ್ಳೆಯ ಫಾಂಟ್ ಇದ್ದರೂ ಪ್ರಯೋಜನವಿಲ್ಲ.

11. ಊರಿನ ಹೆಸರು ಬದಲಾಗುತ್ತದೆ, ಕೀಲಿ ಬದಲಾಗಬಾರದು

ಈ ಭಾಗದ ವಿಳಾಸ ಪುಸ್ತಕ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಹಲಸೂರು, ಅಲಸೂರು, ಉಲ್ಸೂರು. ಶಿವಾಜಿನಗರಕ್ಕೆ ಹಿಂದೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿತ್ತು. ಕೆ.ಆರ್. ಪುರ, ಕೃಷ್ಣರಾಜಪುರ, ಕೆ.ಆರ್. ಪುರಂ. ದಂಡು ಮತ್ತು ಪೇಟೆಯ ಆಡಳಿತ ಬೇರೆ ಬೇರೆಯಾಗಿದ್ದದ್ದು 1949ರಲ್ಲಿ ಒಂದೇ ಪಾಲಿಕೆಯಾಯಿತು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಊರಿನ ಹೆಸರು ಬೆಂಗಳೂರು ಎಂದಾಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದವು. ಶಿವಾಜಿನಗರ ಕೇಂದ್ರ ಪಾಲಿಕೆಗೆ ಸೇರಿತು, ಕೆ.ಆರ್. ಪುರ ಪೂರ್ವ ಪಾಲಿಕೆಗೆ. ಪ್ರತಿ ಸಾಲಿನಲ್ಲೂ ‘ಬಿಬಿಎಂಪಿ’ ಎಂದು ಟೈಪ್ ಮಾಡಿಟ್ಟವರು ಇಡೀ ಡೇಟಾವನ್ನು ತಿದ್ದಬೇಕಾಯಿತು. ಪ್ರದೇಶಕ್ಕೊಂದು ಕೀಲಿ ಕೊಟ್ಟು ಹೆಸರನ್ನು ಕಾನ್ಫಿಗ್‌ನಲ್ಲಿ ಇಟ್ಟವರಿಗೆ ಕೆಲವು ಸಾಲು ತಿದ್ದುವ ಕೆಲಸ.

ರೈಲ್ವೆಯವರು ಇದನ್ನು ಬಹಳ ಹಿಂದೆಯೇ ಸರಿಯಾಗಿ ಮಾಡಿದ್ದಾರೆ. ಬೆಂಗಳೂರು ಸಿಟಿ ನಿಲ್ದಾಣ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವಾಯಿತು, ಅದರ ಕೋಡ್ ಮಾತ್ರ ಎಸ್‌ಬಿಸಿ ಆಗಿಯೇ ಉಳಿಯಿತು. ದಂಡು ನಿಲ್ದಾಣಕ್ಕೆ ಬಿಎನ್‌ಸಿ, ಕೃಷ್ಣರಾಜಪುರಕ್ಕೆ ಕೆಜೆಎಂ. ನಿಮ್ಮ ಕೀಲಿಗಳೂ ಹಾಗೆಯೇ ಗಟ್ಟಿಯಾಗಿರಲಿ. ಪಿನ್ ಕೋಡನ್ನೇ ಕೀಲಿ ಮಾಡೋಣ ಎಂದು ಆಸೆಯಾಗುತ್ತದೆ, ಬೇಡ. ಒಂದೇ ಪಿನ್‌ನಲ್ಲಿ ಹಲವು ಬಡಾವಣೆಗಳಿರುತ್ತವೆ.

12. ಟಿಪ್ಪಣಿ ಕನ್ನಡದಲ್ಲಿ, ಕೀಲಿ ಇಂಗ್ಲಿಷಿನಲ್ಲಿ

ಡಿಕ್ಟ್‌ಪ್ರೆಸ್ ಬಳಸುವ ಟಾಮ್ಲ್ ರೂಪದಲ್ಲಿ ಫೈಲ್ ಯುಟಿಎಫ್-8 ಆಗಿರಲೇಬೇಕು, ಆದ್ದರಿಂದ ಮೌಲ್ಯಗಳನ್ನೂ ಟಿಪ್ಪಣಿಗಳನ್ನೂ ಕನ್ನಡದಲ್ಲೇ ಧಾರಾಳವಾಗಿ ಬರೆಯಬಹುದು. ಸಮ ಚಿಹ್ನೆಯ ಎಡಗಡೆ ಬರುವ ಕೀಲಿಯ ಹೆಸರಿಗೆ ಮಾತ್ರ, ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಷ್ಟೇ ಒಪ್ಪಿತ. ಟಿಪ್ಪಣಿ ಕನ್ನಡದಲ್ಲಿರಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾಳೆ ಈ ಫೈಲ್ ತೆರೆಯುವವರು ಹೊಸದಾಗಿ ಸೇರಿದ ಆಪರೇಟರ್. ಈ ಸಾಲು ಯಾಕಿದೆ ಎಂದು ಅವರಿಗೆ ಸಲೀಸಾಗಿ ತಿಳಿಯಬೇಕು. ಏನು ಎನ್ನುವುದು ಸಾಲಿನಲ್ಲೇ ಇದೆ, ಟಿಪ್ಪಣಿಯಲ್ಲಿ ಯಾಕೆ ಎನ್ನುವುದನ್ನು ಬರೆಯಿರಿ.

ಫೈಲನ್ನು ವರ್ಡ್‌ನಲ್ಲಿ ತೆರೆಯಬೇಡಿ. ಅಲ್ಲಿ ಟೈಪ್ ಮಾಡಿದ ನೇರ ಉದ್ಧರಣ ಚಿಹ್ನೆಗಳನ್ನು ಅದು ಬಾಗಿದ ಚಿಹ್ನೆ ಮಾಡುತ್ತದೆ, ಆಮೇಲೆ ಸಾಫ್ಟ್‌ವೇರ್ ಫೈಲನ್ನೇ ಒಪ್ಪುವುದಿಲ್ಲ. ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್ ಯುಟಿಎಫ್-8 ಫೈಲಿನ ಮೊದಲಿಗೆ ಕಾಣದ ಗುರುತೊಂದನ್ನು ಸೇರಿಸುತ್ತಿತ್ತು. ಮೊದಲ ಸಾಲಿನಲ್ಲೇ ತಪ್ಪು ತೋರಿಸಿದರೆ ಅದನ್ನು ಅನುಮಾನಿಸಿ.

13. ಪಾಸ್‌ವರ್ಡ್ ಬೇರೆ, ಇತಿಹಾಸ ಜೊತೆಗೆ

ಡೇಟಾಬೇಸಿನ ಪಾಸ್‌ವರ್ಡ್ ಕಾನ್ಫಿಗ್‌ನಲ್ಲಿ ಇರುವುದುಂಟು. ಮಾದರಿ ಫೈಲಿನಲ್ಲಿ ಬಂದ ಅಡ್ಮಿನ್ ಹೆಸರು, ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಗಿರಾಕಿಗೆ ಫೋಲ್ಡರ್ ಕಳಿಸುವಾಗ ಅದು ಜೊತೆಗೆ ಹೋಗದಂತೆ ಗುಟ್ಟಿನ ಸಾಲುಗಳನ್ನು ಬೇರೆ ಫೈಲಿಗೆ ತೆಗೆದಿಡಿ. ಉಳಿದ ಕಾನ್ಫಿಗ್ ಗಿಟ್‌ನಲ್ಲಿರಲಿ. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ಗಿಟ್ ಬಾರದಿದ್ದರೆ ದಿನಾಂಕದ ಹೆಸರಿನಲ್ಲಿ ನಕಲು ಇಟ್ಟರೂ ಆದೀತು. ಪ್ಲಗಿನ್‌ಗಳ ಆವೃತ್ತಿ ಸಂಖ್ಯೆಯನ್ನೂ ಅದೇ ಫೈಲಿನ ತಲೆಯಲ್ಲಿ ಬರೆಯಿರಿ. ಪ್ಲಗಿನ್ ಅಪ್‌ಡೇಟ್ ಆದ ಮೇಲೆ ಪುಟ ಕೆಟ್ಟರೆ ಹಿಂದಿನದು ಯಾವುದಿತ್ತೆಂದು ತಿಳಿಯಲು ಬೇರೆ ದಾರಿಯಿಲ್ಲ.

14. ಪೂರ್ಣ ರನ್‌ಗೆ ಮೊದಲು ಪರೀಕ್ಷಾ ಹಾಳೆ

ಹತ್ತು ಹದಿನೈದು ಸಾಲಿನ ಒಂದು ಪರೀಕ್ಷಾ ಡೇಟಾ ಮಾಡಿ ಕಾನ್ಫಿಗ್‌ನ ಪಕ್ಕದಲ್ಲೇ ಇಡಿ. ಅದರಲ್ಲಿ ಇವು ಇರಲಿ: ರ‍್ಯಾಂಕ್, ಸಾಫ್ಟ್‌ವೇರ್, ಸ್ತ್ರೀ, ಬಲೂನು, ಬಸ್ಸು, ಬಳೆ, ಎರಡು ಬಗೆಯಲ್ಲಿ ಟೈಪ್ ಮಾಡಿದ ಕೋಲಾರ, 080ರಿಂದ ಶುರುವಾಗುವ ಫೋನ್ ನಂಬರ್, ಒಂದು ಲಕ್ಷ ದಾಟುವ ಬೆಲೆ, ರೂಪಾಯಿ ಚಿಹ್ನೆಯ ಸಮೇತ, ಇಂಗ್ಲಿಷ್ ಪಾರ್ಟ್ ನಂಬರ್, ಒಂದು ಉರ್ದು ಸಾಲು, ಒಂದು ತಮಿಳು ಸಾಲು, ಕಾಲಮ್ಮಿನಲ್ಲಿ ಹಿಡಿಸದಷ್ಟು ಉದ್ದದ ಒಂದು ಕನ್ನಡ ಪದ, ಚಿತ್ರವೇ ಇಲ್ಲದ ಒಂದು ನಮೂದು, ಪೂರ್ತಿ ಖಾಲಿ ಇರುವ ಒಂದು ಸಾಲು.

ಕಾನ್ಫಿಗ್‌ನಲ್ಲಿ ಒಂದಕ್ಷರ ಬದಲಿಸಿದರೂ ಮೊದಲು ಈ ಹಾಳೆಯನ್ನು ಓಡಿಸಿ. ಪರದೆಯ ಮೇಲೆ ನೋಡಿದರೆ ಸಾಲದು, ಕಾಗದದ ಮೇಲೆ ತೆಗೆದು, ಕನ್ನಡ ಬಲ್ಲವರೊಬ್ಬರು, ಉರ್ದು ಬಲ್ಲವರೊಬ್ಬರು, ತಮಿಳು ಬಲ್ಲವರೊಬ್ಬರು ಕಣ್ಣಾಡಿಸಲಿ. ಶಿವಾಜಿನಗರದಲ್ಲಿ ಈ ಮೂವರೂ ಒಂದೇ ಬೀದಿಯಲ್ಲಿ ಸಿಗುತ್ತಾರೆ. ಅವರು ಸರಿ ಎಂದ ಮೇಲೆ ಪೂರ್ಣ ರನ್ ಕೊಡಿ. ಪಿಡಿಎಫ್‌ನ ಹೆಸರಿನಲ್ಲಿ ಕಾನ್ಫಿಗ್‌ನ ಆವೃತ್ತಿ ಸಂಖ್ಯೆಯನ್ನೂ ಸೇರಿಸಿ ಕಳಿಸಿ. ಪ್ಲೇಟ್ ಮಾಡುವವರು ಯಾವ ಫೈಲ್ ತೆಗೆದುಕೊಳ್ಳಲಿ ಎಂದು ರಾತ್ರಿ ಹೊತ್ತು ಫೋನ್ ಮಾಡಬೇಕಾಗಿ ಬರುವುದಿಲ್ಲ.